ಆಯಮ್ಮನ ಕೈಗೆ ನೀರು

ಕಳೆದ ಭಾನುವಾರ, ಬೆಳಿಗ್ಗೆ ಏಳೂವರೆ. ಹಾಸನದ ನಮ್ಮ ಮನೆಯ ಬಚ್ಚಲಲ್ಲಿ ನಾನು ಮತ್ತು ಸೊಸೆ ಇದ್ದೆವು. ಕೈ ತೊಳೆಯುವ ದ್ರವದ ಬಾಟಲಿ ಖಾಲಿಯಾಗಿತ್ತು. ಅಂಗಡಿಯಲ್ಲಿ ಇದೇ ಸಿಕ್ಕಿತೆಂದು ಅವಳು ಕೆಂಪು ಸೋಪಿನ ಕಾಗದ ಬಿಚ್ಚಿದಳು. ಆ ಘಾಟು ಮೂಗಿಗೆ ಬಿದ್ದದ್ದೇ ನಾನು ನಲ್ಲಿ ತಿರುಗಿಸುವುದನ್ನು ಮರೆತು ನಿಂತೆ. ಎಷ್ಟೋ ವರ್ಷದ ಹಿಂದಿನ ವಾಸನೆ...

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹೊಳೆನರಸೀಪುರದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದೆ. ನಲವತ್ತು ಹುಡುಗಿಯರು, ನಾಲ್ಕು ಕಕ್ಕಸು, ಒಂದು ನೀರಿನ ತೊಟ್ಟಿ. ಏಳೂಮುಕ್ಕಾಲಿಗೆ ತಿಂಡಿಯ ಗಂಟೆ. ಗಂಟೆ ಹೊಡೆದ ಮೇಲೆ ಬಂದವಳು ಉಳಿದವರು ತಿಂದೇಳುವವರೆಗೆ ಬಾಗಿಲ ಹೊರಗೆ ನಿಲ್ಲಬೇಕು. ನಿಯಮ ನನ್ನದು. ನಮ್ಮ ತಂದೆ ನನ್ನನ್ನು ಬೆಳೆಸಿದ್ದೂ ಹಾಗೆಯೇ.

ಹಾಸ್ಟೆಲಿನ ಆಯಮ್ಮ ದುದ್ದದ ಕಡೆಯವಳು, ನನಗಿಂತ ಹತ್ತು ವರ್ಷ ದೊಡ್ಡವಳು. ಮಕ್ಕಳು ಸ್ಕೂಲಿಗೆ ಹೋದ ಮೇಲೆ ಕಕ್ಕಸು ತೊಳೆಯುವುದು ಆಕೆಯ ಕೆಲಸ. ಅದಕ್ಕೂ ಮೊದಲು, ಯಾರೂ ಹೇಳದೆ, ಇನ್ನೊಂದು ಕೆಲಸವನ್ನು ಮೈಮೇಲೆ ಹಾಕಿಕೊಂಡಿದ್ದಳು. ಕಕ್ಕಸಿನಿಂದ ಬಂದ ಕೈ ತೊಟ್ಟಿಯ ನೀರನ್ನಾಗಲಿ ಚೊಂಬನ್ನಾಗಲಿ ಮುಟ್ಟಬಾರದೆಂದು ತಾನೇ ತೊಟ್ಟಿಯ ಪಕ್ಕ ನಿಂತು ಒಬ್ಬೊಬ್ಬರ ಕೈಗೂ ನೀರು ಹಾಕುತ್ತಿದ್ದಳು.

“ಲೇ, ಉಗುರು ತೋರ್ಸು. ಇದ್ರಲ್ಲಿ ಎರಡು ಸೇರು ರಾಗಿ ಬಿತ್ತಬೋದು ಕಣೆ.” ಹುಡುಗಿಯರು ಕಿಸಕ್ಕನೆ ನಕ್ಕು ಮತ್ತೆ ಉಜ್ಜುತ್ತಿದ್ದರು. ಕೊನೆಗೆ ಇಂಥದೇ ಕೆಂಪು ಸೋಪಿನ ನೊರೆಯನ್ನೂ ತೊಳೆದು, ನೀರು ಇಳಿಯಲೆಂದು ಆ ಸೋಪನ್ನು ಗೋಡೆಗೆ ಒರಗಿಸಿ ನಿಲ್ಲಿಸುತ್ತಿದ್ದಳು.

ಒಂದು ದಿನ ನನ್ನ ಕೋಣೆಯ ಬಾಗಿಲಿಗೆ ಬಂದಳು.

“ಅಮ್ಮಾರೆ, ಗಂಟೆ ಕೇಳ್ತಿದ್ದಂಗೆ ಅರ್ಧ ಹುಡ್ಗೀರು ಸೋಪು ಮುಟ್ದೆ ಓಡೋಯ್ತವೆ. ಐದು ನಿಮ್ಸ ತಡವಾಗಿ ಹೊಡ್ಸಿ.”

“ಇವತ್ತು ಐದು ಕೊಟ್ರೆ ನಾಳೆ ಹತ್ತು ಕೇಳ್ತಾರೆ.”

“ಕೇಳ್ತಿರೋಳು ನಾನು. ಅವರಲ್ಲ.”

ನಾನು ಗಂಟೆ ಬದಲಿಸಲಿಲ್ಲ.

ಆ ಮಳೆಗಾಲದಲ್ಲಿ ಅರಕಲಗೂಡು ಕಡೆಯ ಒಬ್ಬ ಹುಡುಗಿಗೆ ಕಾಮಾಲೆ ಬಂತು. ಹಿಂದೆಯೇ ಇನ್ನು ಮೂವರಿಗೆ. ಮೊದಲನೆಯವಳು ಹಾಸನದ ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿದ್ದು, ಹೇಗೋ ಉಳಿದಳು. ಅವಳ ತಂದೆ ಹಾಸ್ಟೆಲಿಗೆ ಬಂದು ಎಲ್ಲರೆದುರು ಕೇಳಿದರು: “ಕಕ್ಕಸು ತೊಳ್ಯೋ ಕೈಲಿ ನಮ್ ಮಗೀಗೆ ನೀರಾಕ್ಸಿದ್ದೀರಲ್ಲ ಮೇಡಂ, ಇನ್ನೇನಾಯ್ತದೆ?”

ಪರೀಕ್ಷೆಗೆ ಬಂದ ಡಾಕ್ಟರು ತೊಟ್ಟಿ ನೋಡಿದರು, ಅಡುಗೆಮನೆ ನೋಡಿದರು. ಆಮೇಲೆ ಆಡಳಿತದವರ ಎದುರಿಗೇ ನನ್ನನ್ನು ಕೇಳಿದರು: “ಮಕ್ಕಳೆಲ್ಲ ಸೋಪು ಹಾಕಿ ಕೈ ತೊಳೆದೇ ತಿಂಡಿಗೆ ಬರ್ತಾರಾ?”

“ಅದಕ್ಕೆ ವ್ಯವಸ್ಥೆ ಇದೆ, ಡಾಕ್ಟರೇ” ಎಂದೆ.

ಮಾತಿನಲ್ಲಿ ಸುಳ್ಳಿರಲಿಲ್ಲ. ಸೋಪಿತ್ತು, ನೀರಿತ್ತು, ನೀರು ಹಾಕುವವಳೂ ಇದ್ದಳು. ಸಮಯವೊಂದನ್ನು ಮಾತ್ರ ನಾನು ಕೊಟ್ಟಿರಲಿಲ್ಲ. ಆಯಮ್ಮ ಬಾಗಿಲ ಹತ್ತಿರ ನಿಂತಿದ್ದಳು. ನನ್ನ ಮುಖ ನೋಡಿದಳು.

ತಂದೆತಾಯಿಗಳ ಸಮಾಧಾನಕ್ಕೆ ಆಕೆಯನ್ನು ಬಿಡಿಸಬೇಕೆಂದು ಆಡಳಿತದವರು ತೀರ್ಮಾನಿಸಿದರು. ಹೇಳುವ ಕೆಲಸ ನನಗೆ ಬಂತು, ಹೇಳಿದೆ. ಅಂದೂ ಆಕೆ ನಾಲ್ಕು ಕಕ್ಕಸುಗಳನ್ನೂ ತೊಳೆದು, ಕೈಗಳನ್ನು ಮೈಯಿಂದ ದೂರ ಹಿಡಿದು ತೊಟ್ಟಿಯ ಬಳಿ ಬಂದಳು.

“ದಿನಾ ಈ ಹೊತ್ಗೆ ನೀರಾಕೋರು ಯಾರೂ ಇರಲ್ಲ. ಇವತ್ತೊಂದಿನ ನೀವು ನೀರಾಕಿ, ಅಮ್ಮಾರೆ.”

ಅಷ್ಟು ದಿನ ಆಕೆಯ ಕೈಗೆ ಯಾರು ನೀರು ಹಾಕುತ್ತಿದ್ದರೆಂದು ನಾನು ಯೋಚಿಸಿಯೇ ಇರಲಿಲ್ಲ. ಚೊಂಬು ತುಂಬಿ ಹಾಕಿದೆ. ಅಂಗೈ, ಮುಂಗೈ, ಬೆರಳ ಸಂದಿ, ಉಗುರು, ಮಣಿಕಟ್ಟು... ಆಕೆ ಒಂದನ್ನೂ ಬಿಡಲಿಲ್ಲ. ಮೂರು ಚೊಂಬು ಮುಗಿಯಿತು. ಎರಡೂ ಕೈಗಳನ್ನು ತಿರುಗಿಸಿ ನನ್ನೆದುರು ಚಾಚಿದಳು.

“ಸರ್ಯಾಗವಾ, ನೋಡಿ.”

“ಆಯಮ್ಮ, ಅವತ್ತು ಡಾಕ್ಟರ ಹತ್ರ ನಾನು...”

“ಗಂಟೆ ತಡವಾಗಿ ಹೊಡ್ಸಿ. ಅಷ್ಟು ಸಾಕು.”

ಸೆರಗಿಗೆ ಒರೆಸದೆ, ಕೈಗಳನ್ನು ಗಾಳಿಗೆ ಒಣಗಿಸಿಕೊಳ್ಳುತ್ತ ಬಸ್ ಸ್ಟ್ಯಾಂಡ್ ಕಡೆ ನಡೆದಳು.

ಮರುದಿನದಿಂದ ತಿಂಡಿಯ ಗಂಟೆ ಏಳು ಐವತ್ತಕ್ಕೆ ಹೊಡೆಯಿತು. ಯಾರೂ ಕಾರಣ ಕೇಳಲಿಲ್ಲ. ನಾನಾಗಿ ಹೇಳಲೂ ಇಲ್ಲ. ತೊಟ್ಟಿಯ ಪಕ್ಕ ನಾನೇ ನಿಂತೆ.

ಚನ್ನರಾಯಪಟ್ಟಣಕ್ಕೆ ವರ್ಗವಾಗಿ ಕೆಲವು ವರ್ಷ ಕಳೆದ ಮೇಲೆ ಒಮ್ಮೆ ದುದ್ದಕ್ಕೆ ಹೋಗಿ ವಿಚಾರಿಸಿದೆ. ಆಕೆಯ ಪಕ್ಕದ ಮನೆಯವಳು ಹೇಳಿದಳು: “ತೀರೋಗಿ ಎರಡು ವರ್ಸಾಯ್ತಲ್ಲ. ಸೊಸೆ ಬಾಣಂತನದಾಗೆ, ಕೈ ತೊಳೀದೆ ಮಗು ಮುಟ್ಬ್ಯಾಡಿ ಅಂತ ನಮ್ಮುನ್ನೆಲ್ಲ ಬಾಗ್ಲಲ್ಲೇ ನಿಲ್ಸೋಳು.” ನಾನು ಹೇಳಬೇಕಾಗಿದ್ದನ್ನು ಕೇಳುವವರು ಆ ಮನೆಯಲ್ಲಿ ಇರಲಿಲ್ಲ. ಬಂದ ಬಸ್ಸಿನಲ್ಲೇ ಹಿಂದಿರುಗಿದೆ.

ಅಂದು ಡಾಕ್ಟರು ಕೇಳಿದ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರ “ಇಲ್ಲ, ಎಲ್ಲರೂ ತೊಳೆಯುವುದಿಲ್ಲ” ಎಂಬುದು. ತಪ್ಪು ನನ್ನ ಗಂಟೆಯದು, ಆಕೆಯ ಕೈಯದಲ್ಲ. ಭಾನುವಾರ ಮಧ್ಯಾಹ್ನ ಇದನ್ನು ಸೊಸೆಗೆ ಹೇಳಿದೆ. ಇಷ್ಟು ವರ್ಷದಲ್ಲಿ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಸಂಜೆ ಏಳಕ್ಕೆ ಎಲ್ಲರೂ ಕೈ ತೊಳೆದು ಊಟಕ್ಕೆ ಕೂತರು. ನಾನು ಬಚ್ಚಲಿಗೆ ಹೋಗಿ, ಕೆಂಪು ಸೋಪಿನ ನೊರೆ ತೊಳೆದು, ನೀರು ಇಳಿಯಲೆಂದು ಅದನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ.