ಮರಾಠಿಯಲ್ಲಿ ಆಡಿದ ಎರಡು ಮಾತು

ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಕೋರ್ಸಿಗೆಂದು ಸಂಭಾಜಿನಗರಕ್ಕೆ ಹೋದಾಗ ಸಹಪಾಠಿಗಳ ಪಾಲಿಗೆ ನಾನು ನಾಸಿಕದ ಹುಡುಗಿ, ಅಷ್ಟೇ. ಅಪ್ಪ ಬೀದರ್ ಕಡೆಯವರು, ನಾಸಿಕದ ಸಾತಪುರದ ಕಾರ್ಖಾನೆಯೊಂದರಲ್ಲಿ ಫಿಟರ್, ಮನೆಯಲ್ಲಿ ನಾವಾಡುವುದು ಕನ್ನಡ ಎಂದು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ ಎಂಬುದು ನಿಜ. ಆದರೆ ಇನ್ನೊಂದು ಕಾರಣವೂ ಇತ್ತು. ಆ ಊರಲ್ಲಿ ಕನ್ನಡ ನನ್ನ ಕಿವಿಗೆ ಬೀಳುತ್ತಿದ್ದುದು ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳ ಹತ್ತಿರ. ಅವುಗಳ ಮುಂದೆ ಹಾದುಹೋಗುವಾಗ ಗೆಳತಿಯರು ದುಪಟ್ಟಾದಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾನೂ ಮುಚ್ಚಿಕೊಳ್ಳುತ್ತಿದ್ದೆ.

ಎರಡನೆಯ ವರ್ಷ ಪ್ರಾಜೆಕ್ಟ್ ಮಾಡಬೇಕಿತ್ತು. ಹೊರರೋಗಿಗಳು ಡಾಕ್ಟರನ್ನು ಕಾಣಲು ಎಷ್ಟು ಹೊತ್ತು ಕಾಯುತ್ತಾರೆ ಎಂಬುದು ನಾನು ಆರಿಸಿಕೊಂಡ ವಿಷಯ. ಒಂದು ದೊಡ್ಡ ಆಸ್ಪತ್ರೆಯ ಮಕ್ಕಳ ವಿಭಾಗದ ಹೊರಗೆ ಬಿಳಿ ಕೋಟು ತೊಟ್ಟು, ಪ್ಯಾಡ್ ಹಿಡಿದು ನಿಲ್ಲುತ್ತಿದ್ದೆ. ಚೀಟಿ ಮಾಡಿಸಿದ್ದು ಎಷ್ಟು ಹೊತ್ತಿಗೆ, ಒಳಗೆ ಹೋದದ್ದು ಎಷ್ಟು ಹೊತ್ತಿಗೆ ಎಂದು ಬರೆದುಕೊಳ್ಳುವುದಷ್ಟೇ ಕೆಲಸ. ನಮ್ಮ ಗೈಡ್ ಒಂದು ಮಾತನ್ನು ಒತ್ತಿ ಹೇಳಿದ್ದರು: ನೋಡುವವರು ನೋಡಬೇಕು, ನಡುವೆ ಕೈಹಾಕಬಾರದು, ಒಬ್ಬರಿಗೆ ನೀವು ದಾರಿ ತೋರಿಸಿದರೂ ಅಧ್ಯಯನ ಕೆಡುತ್ತದೆ.

ಮಳೆ ಹಿಡಿದಿದ್ದ ಒಂದು ಸೋಮವಾರ ಬೆಳಿಗ್ಗೆ ಗಂಡ ಹೆಂಡತಿ ಒಂದು ಕೂಸನ್ನೆತ್ತಿಕೊಂಡು ಬಂದರು. ಊರ ಹೊರಗಿನ ಶೇಂದ್ರಾದ ಕಡೆ ಯಾವುದೋ ಕಾರ್ಖಾನೆಯ ಗೋಡೆ ಕಟ್ಟುತ್ತಿದ್ದವರು. ಗಂಡನಿಗೆ ಅಷ್ಟಿಷ್ಟು ಮರಾಠಿ ಬರುತ್ತಿತ್ತು. ಚೀಟಿ ಕೊಟ್ಟ ಗುಮಾಸ್ತ ಅವನನ್ನು ಆಧಾರ್ ಕಾರ್ಡಿನ ಝೆರಾಕ್ಸ್ ತರಲು ಹೊರಗೆ ಕಳಿಸಿದ. ಹೆಂಡತಿ ಒಬ್ಬಳೇ ಸಾಲಿನಲ್ಲಿ ಉಳಿದಳು. ನನ್ನದೇ ವಯಸ್ಸಿನವಳು. ಸೆರಗು ಪೂರ್ತಿ ಒದ್ದೆಯಾಗಿತ್ತು, ಕೂಸನ್ನು ಮಾತ್ರ ಒಣ ಟವೆಲ್ಲಿನಲ್ಲಿ ಸುತ್ತಿದ್ದಳು.

ಸ್ವಲ್ಪ ಹೊತ್ತಿನಲ್ಲಿ ಅವಳು ಪಕ್ಕದ ಹೆಂಗಸಿಗೆ ಏನೋ ಹೇಳಿದಳು. ಆಕೆಗೆ ತಿಳಿಯಲಿಲ್ಲ. ಮುಂದೆ ನಿಂತವನಿಗೆ ಹೇಳಿದಳು. ಅವನು ತಲೆಯಾಡಿಸಿ ಮುಖ ತಿರುಗಿಸಿದ. ಆಮೇಲೆ ನನ್ನ ಬಿಳಿ ಕೋಟು ನೋಡಿ ಹತ್ತಿರ ಬಂದಳು.

"ಅಕ್ಕಾರ, ಕೂಸು ಕಣ್ಣ ತೆರಿವಲ್ದು. ಡಾಕ್ಟರ್ ಎಲ್ಲಿ ಅದಾರ್ರಿ?"

ಒಂದೊಂದು ಅಕ್ಷರವೂ ನನಗೆ ಅರ್ಥವಾಯಿತು. ನಮ್ಮ ಅಜ್ಜಿ ಮಾತಾಡಿದ ಹಾಗೇ ಇತ್ತು. ಪಕ್ಕದಲ್ಲಿ, ತಮ್ಮ ಪ್ರಾಜೆಕ್ಟಿಗೆ ಬಂದಿದ್ದ ನನ್ನ ಇಬ್ಬರು ಸಹಪಾಠಿಗಳು ನನ್ನಂಥದೇ ಬಿಳಿ ಕೋಟು ತೊಟ್ಟು ನಿಂತಿದ್ದರು. ನಾನು ಪ್ಯಾಡಿನಿಂದ ತಲೆ ಎತ್ತದೆ ಹೇಳಿದೆ: "ರಾಂಗೇತ್ ಥಾಂಬಾ." ಸಾಲಿನಲ್ಲಿ ನಿಲ್ಲಿ ಎಂದು.

ಅವಳು ಹೋಗಿ ಸಾಲಿನಲ್ಲಿ ನಿಂತಳು. ತುರ್ತು ಚಿಕಿತ್ಸೆಯ ವಿಭಾಗ ಅದೇ ಕಟ್ಟಡದ ಹಿಂದಿತ್ತು. ಕೈಹಿಡಿದು ಕರೆದೊಯ್ದಿದ್ದರೆ ಎರಡು ನಿಮಿಷದ ದಾರಿ.

ಅವಳ ಸರದಿ ಬರುವಷ್ಟರಲ್ಲಿ ಒಂದು ಗಂಟೆಯ ಮೇಲಾಗಿತ್ತು, ಝೆರಾಕ್ಸಿಗೆ ಹೋದ ಗಂಡ ಇನ್ನೂ ಹಿಂತಿರುಗಿರಲಿಲ್ಲ. ಒಳಗೆ ಹೋದ ಕ್ಷಣಕ್ಕೇ ಡಾಕ್ಟರ್ ಕೂಸನ್ನೆತ್ತಿಕೊಂಡು ಕೋಣೆಯಿಂದ ಓಡಿ ಬಂದರು. ಹಿಂದೆ ಅವಳು ಬರಿಗಾಲಲ್ಲಿ ಓಡಿದಳು. ನಾನು ಪ್ಯಾಡನ್ನು ಬೆಂಚಿನ ಮೇಲೆ ಎಸೆದು ಅವರ ಹಿಂದೆ ಓಡಿದೆ.

ತುರ್ತು ವಿಭಾಗದಲ್ಲಿ ಡಾಕ್ಟರ್ ಹಿಂದಿಯಲ್ಲಿ ಕೇಳುತ್ತಿದ್ದರು, ಅವಳು ಕನ್ನಡದಲ್ಲಿ ಅಳುತ್ತಿದ್ದಳು. ಆಗ ನನ್ನ ಬಾಯಿ ಬಿಚ್ಚಿತು.

"ಉಲ್ಟಿ ಎಷ್ಟ ದಿನದಿಂದ ಆಗ್ಲತ್ತದ? ಉಚ್ಚಿ ಕಡೀಕ ಯಾವಾಗ ಹೊಯ್ದದ?"

"ಮೂರ ದಿನಾತ್ರಿ, ಉಲ್ಟಿ, ಜುಲಾಬ. ಉಚ್ಚಿ ನಿನ್ನಿ ಮುಂಜಾನಿ ಹೊಯ್ದಿದ್ದೇ ಕಡೀಕ. ಮಲಿ ಹಿಡಿವಲ್ದ್ರಿ."

ನನಗೆ ಬರುವುದು ಮನೆಯೊಳಗಿನ ಕನ್ನಡ. ಅಡುಗೆ, ಹೊಟ್ಟೆನೋವು, ಬೈಗುಳ, ಮುದ್ದು. ಆ ಹೊತ್ತಿಗೆ ಬೇಕಾಗಿದ್ದುದೂ ಅಷ್ಟೇ ಕನ್ನಡ. ಮೂರು ದಿನದಿಂದ ವಾಂತಿ ಭೇದಿ, ನಿನ್ನೆ ಬೆಳಗಿನಿಂದ ಮೂತ್ರವಿಲ್ಲ, ಹಾಲು ಕುಡಿಯುತ್ತಿಲ್ಲ ಎಂದು ಅವಳು ಹೇಳಿದ್ದನ್ನೆಲ್ಲ ಡಾಕ್ಟರಿಗೆ ತಿಳಿಸಿದೆ. ಅವರು ಸಲೈನ್ ಹಾಕಲು ಕೂಸಿನ ಹಣೆಯಲ್ಲಿ, ಕಾಲಲ್ಲಿ ನರ ಹುಡುಕಿದರು.

ಮರುದಿನ ಮಧ್ಯಾಹ್ನ ಕೂಸು ಹೋಯಿತು. ಒಂದು ಗಂಟೆ ಮೊದಲೇ ತಂದಿದ್ದರೆ ಉಳಿಯುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದೆ. "ಹೇಳಲಾಗುವುದಿಲ್ಲ" ಎಂದರು. ಇಲ್ಲ ಎಂದಿದ್ದರೆ ನಾನು ನಂಬುತ್ತಿದ್ದೆ.

ಕಾಗದಪತ್ರ ಮುಗಿದು, ಗಂಡ ಆಟೋ ತರಲು ಹೋದಾಗ ಅವಳು ಗೇಟಿನ ಬಳಿ ಟವೆಲ್ಲಿನ ಗಂಟನ್ನು ಎದೆಗವಚಿ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವಳೇ ನನ್ನ ಕೈ ಹಿಡಿದಳು.

"ಅಕ್ಕಾರ, ನಿಮಗ ಪುಣ್ಯ ಬರ್ಲಿ. ಇಷ್ಟು ದೊಡ್ಡ ದವಾಖಾನಿದಾಗ ನಮ್ಮ ಮಾತ ಆಡಿದೋರು ನೀವೊಬ್ರೇ."

ಸಾಲಿನಲ್ಲಿ ತನಗೆ ಮರಾಠಿಯಲ್ಲಿ ಉತ್ತರ ಕೊಟ್ಟವಳು ನಾನೇ ಎಂದು ಅವಳಿಗೆ ಗೊತ್ತಾಗಿರಲಿಲ್ಲ. ಅವಳು ನೋಡಿದ್ದು ಬಿಳಿ ಕೋಟನ್ನು, ಮುಖವನ್ನಲ್ಲ. ನಾನು ಹೇಳಲಿಲ್ಲ. ಆಟೋ ಬಂತು, ಹೋದರು.

ಹಾಸ್ಟೆಲಿಗೆ ಬಂದು ಎರಡು ದಿನ ಮಲಗಿದೆ. ಮೂರನೆಯ ದಿನ ಎದ್ದು ಆ ಸೋಮವಾರದ ಹಾಳೆಗಳನ್ನು ಕಂಪ್ಯೂಟರಿಗೆ ಏರಿಸಿದೆ. ಅವಳ ಸಾಲು ಬಂದಾಗ ಬೆರಳು ನಿಂತಿತು. ಆದರೆ ಅದು ಉಳಿದ ಸಾಲುಗಳ ಹಾಗೇ ಇತ್ತು. ಎಲ್ಲರೂ ಕಾದಷ್ಟೇ ಹೊತ್ತು ಅವಳೂ ಕಾದಿದ್ದಳು. ಆಮೇಲೆ ಏನಾಯಿತು ಎಂದು ಬರೆಯಲು ಆ ನಮೂನೆಯಲ್ಲಿ ಜಾಗವಿರಲಿಲ್ಲ.

ಕೊನೆಯ ಅಧ್ಯಾಯದಲ್ಲಿ, ಚೀಟಿ ಕೊಡುವಲ್ಲಿ ಬೇರೆ ಭಾಷೆ ಬಲ್ಲವರೊಬ್ಬರು ಇರಬೇಕು, ಮಕ್ಕಳ ಸಾಲನ್ನು ಒಬ್ಬ ನರ್ಸ್ ಆಗಾಗ ನೋಡುತ್ತಿರಬೇಕು ಎಂದು ಸಲಹೆ ಬರೆದೆ. ಮೌಖಿಕ ಪರೀಕ್ಷೆಗೆ ಬಂದವರು ಬಹಳ ಉಪಯುಕ್ತ ಸಲಹೆ ಎಂದರು. ತರಗತಿಯಲ್ಲಿ ನನಗೇ ಹೆಚ್ಚು ಅಂಕ ಬಂತು. ಅಂದು ಸಂಜೆ ಗೆಳತಿಯರು ಕೇಕ್ ತಂದಿದ್ದರು. ಒಂದು ತುಂಡು ಬಾಯಿಗಿಟ್ಟವಳು ಬಚ್ಚಲಿಗೆ ಹೋಗಿ ಉಗುಳಿ ಬಂದೆ.

ಈಗ ನಾಸಿಕದ ಒಂದು ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದೇನೆ. ಕನ್ನಡದವರು ಬಂದರೆ ನನ್ನನ್ನೇ ಕರೆಯುತ್ತಾರೆ, ಓಡಿ ಹೋಗುತ್ತೇನೆ. ಅದರಿಂದ ಏನೂ ಸರಿಹೋಗಿಲ್ಲ.

ಅಪ್ಪನಿಗೆ ಇದನ್ನೆಲ್ಲ ಹೇಳಿದ್ದು ಹೋದ ವರ್ಷ, ಅವರು ನಿವೃತ್ತರಾದ ಮೇಲೆ. ಅಂಗಳದಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ನಾನು ಮುಗಿಸುವವರೆಗೂ ಬಿಡಿಸುತ್ತಲೇ ಇದ್ದರು. ಆಮೇಲೆ ಕೇಳಿದರು:

"ಆಕಿ ಯಾವ ಊರಾಕಿ?"

"ಕೇಳ್ಲಿಲ್ಲ, ಅಪ್ಪ."

"ಕೂಸಿನ ಹೆಸರ?"

ಅದನ್ನೂ ನಾನು ಕೇಳಿರಲಿಲ್ಲ. ಅಪ್ಪ ಬಯ್ಯುತ್ತಾರೆಂದುಕೊಂಡೆ. ಬಯ್ಯಲಿಲ್ಲ.

"ಕೇಳಬೇಕಿತ್ತವ್ವ" ಎಂದಷ್ಟೇ ಹೇಳಿ, ಬಿಡಿಸಿದ ಸೊಪ್ಪನ್ನು ಒಳಗೆ ತೆಗೆದುಕೊಂಡು ಹೋದರು.