ಬ್ರೇಕ್ ಮೇಷ್ಟ್ರ ಕಿಟಕಿ ಕಡೆಯ ಕೈ

ಇಪ್ಪತ್ತಾರು ವರ್ಷ ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಬ್ರೇಕ್ ಮೇಷ್ಟ್ರಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಇದೆ ಎಂದು ಬಾಯಿ ಬಿಡುವ ಧೈರ್ಯ ಯಾರಿಗೂ ಇರಲಿಲ್ಲ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಯ ಎರಡನೇ ಬ್ರೇಕಿನ ಮೇಲೆ ಪಾದವಿಟ್ಟು, ಮೊಣಕೈಯನ್ನು ಕಿಟಕಿಯಾಚೆ ಚಾಚಿ "ಬ್ರೇಕ್! ಬ್ರೇಕ್!" ಎಂದು ಕಿರುಚುವುದು ಅವರ ವೃತ್ತಿ. ಹೆಸರು ಬಂದದ್ದೂ ಹಾಗೆಯೇ. ಕಿಟಕಿ ಕಡೆಯ ಕೈ ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಎರಡೂ ಕೈಗಳನ್ನು ಮೇಜಿನ ಮೇಲಿಟ್ಟರೆ ಒಂದನ್ನು ಯಾರಿಂದಲೋ ಎರವಲು ತಂದಂತೆ ಕಾಣುತ್ತಿತ್ತು.

"ತುಂಬು ತೋಳಿನ ಅಂಗಿ ಹಾಕ್ಕೊಳ್ರೀ" ಎಂದು ಹೆಂಡತಿ ಹೇಳಿ ಹೇಳಿ ಸೋತಿದ್ದರು.

"ಬಿಸಿಲಿಗೆ ಕರಗೋಕೆ ನಾನೇನು ಬೆಣ್ಣೆ ಮುದ್ದೆನಾ?"

ಹೀಗಿರುವಾಗ ಚರ್ಮದ ಡಾಕ್ಟರಮ್ಮ ಒಬ್ಬರು ಕಲಿಯಲು ಬಂದರು. ಓದಿದ್ದು ಬೆಟ್ಟದಷ್ಟು, ಕ್ಲಚ್ಚು ಬಿಡುವುದು ಮಾತ್ರ ಕಪ್ಪೆ ನೆಗೆದ ಹಾಗೆ. ಮೇಷ್ಟ್ರಿಗೆ ಪರಮಾನಂದ. ಮೂರನೇ ದಿನ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಆಕೆ ರಸ್ತೆ ಬಿಟ್ಟು ಅವರ ಕೈ ನೋಡುತ್ತಿದ್ದರು.

"ಮೇಷ್ಟ್ರೇ, ಈ ಒರಟು ಕಲೆ ಯಾವಾಗಿಂದ ಇದೆ?"

"ಸಿಗ್ನಲ್ ನೋಡಿ ಡಾಕ್ಟ್ರೇ."

"ನೋಡಿದೆ, ಕೆಂಪೇ ಇದೆ. ಯಾವಾಗಿಂದ?"

"ಸೊಳ್ಳೆ ಕಚ್ಚಿದ್ದು. ನಾಲ್ಕು ತಿಂಗಳಾಯ್ತು."

"ನಾಲ್ಕು ತಿಂಗಳು ಉಳಿಯೋ ಸೊಳ್ಳೆ ಕಡಿತ ನಾನು ಓದಿದ ಪುಸ್ತಕದಲ್ಲಿಲ್ಲ. ನಾಳೆ ಕ್ಲಿನಿಕ್ಕಿಗೆ ಬನ್ನಿ."

ಚರ್ಮದ ಚೂರು ಪರೀಕ್ಷೆಗೆ ಹೋಯಿತು. ಫಲಿತಾಂಶ ಬರುವವರೆಗಿನ ಎಂಟು ದಿನ ಮೇಷ್ಟ್ರು ಕಿರುಚುವುದನ್ನೇ ಮರೆತರು. ಇಬ್ಬರು ಶಿಷ್ಯರು ನಿಶ್ಚಿಂತೆಯಿಂದ ಫುಟ್‌ಪಾತ್ ಹತ್ತಿಸಿದರು. ಕೊನೆಗೆ ತಿಳಿದದ್ದು: ಕ್ಯಾನ್ಸರ್ ಅಲ್ಲ, ಆದರೆ ಹಾಗೇ ಬಿಟ್ಟರೆ ಆಗಬಹುದಾದದ್ದು. ಡಾಕ್ಟರಮ್ಮ ಅದನ್ನು ತೆಗೆದುಹಾಕಿ, ಇನ್ನು ಸನ್‌ಸ್ಕ್ರೀನ್ ಹಚ್ಚಿ ಎಂದರು.

ಯಾವುದು ಎಂದು ಕೇಳಿದರೆ ಅವರು ಮೇಷ್ಟ್ರು ಹೇಗಾದಾರು? ನೇರ ಅಂಗಡಿಗೆ ಹೋಗಿ, ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಬರೆದಿದ್ದ, ಏಳು ದಿನದಲ್ಲಿ ಬೆಳ್ಳಗಾಗಿಸುವ ಭರವಸೆಯ, ಗುಲಾಬಿ ಘಮದ ಡಬ್ಬಿ ತಂದರು. ಮೂರನೇ ದಿನ ಕೈತುಂಬ ಕೆಂಪು ಗುಳ್ಳೆ. ಮೇಷ್ಟ್ರು ಕೆರೆದುಕೊಳ್ಳುತ್ತಲೇ ಕ್ಲಿನಿಕ್ಕಿಗೆ ನುಗ್ಗಿದರು.

"ನೋಡಿ ನಿಮ್ಮ ಔಷಧಿ ಅವತಾರ!"

ಆಕೆ ಡಬ್ಬಿ ತಿರುಗಿಸಿ ನೋಡಿದರು. "ಇದು ನನ್ನ ಔಷಧಿ ಅಲ್ಲ, ನಿಮ್ಮ ಬುದ್ಧಿವಂತಿಕೆ. ಘಮಘಮ ಅನ್ನೋದು ಬೇಡ. ಜಿಂಕ್ ಆಕ್ಸೈಡ್ ಇರೋದು ತಗೊಳ್ಳಿ, ಸೂಕ್ಷ್ಮ ಚರ್ಮಕ್ಕೆ ಅದು ಒಗ್ಗುತ್ತೆ. ಡಬ್ಬಿ ಮೇಲಿನ ಆ ಸಂಖ್ಯೆ, ಎಸ್‌ಪಿಎಫ್, ಮೂವತ್ತೋ ಐವತ್ತೋ ಇದ್ರೆ ಸಾಕು. ಬಿಸಿಲಿನ ಯುವಿಎ, ಯುವಿಬಿ ಕಿರಣ ಎರಡನ್ನೂ ತಡೆಯುತ್ತೆ ಅಂತ ಬರೆದಿರಬೇಕು. ಧಾರಾಳವಾಗಿ ಹಚ್ಚಿ, ಬಿಸಿಲಲ್ಲಿದ್ರೆ ಎರಡು ಗಂಟೆಗೊಮ್ಮೆ ಮತ್ತೆ."

"ಕಿಟಕಿ ಗಾಜು ಏರಿಸಿದ್ರೆ ಸಾಲದಾ?"

"ಯುವಿಎ ಗಾಜು ದಾಟಿ ಬರುತ್ತೆ. ಕ್ರೀಮಿಗಿಂತ ಮೊದಲು ತುಂಬು ತೋಳಿನ ಅಂಗಿ."

ಮೇಷ್ಟ್ರು ಮನೆಗೆ ಬಂದು ಗಂಭೀರವಾಗಿ ಘೋಷಿಸಿದರು: "ತುಂಬು ತೋಳಿನ ಅಂಗಿ ಹಾಕ್ಬೇಕಂತೆ. ಡಾಕ್ಟ್ರು ಹೇಳಿದ್ರು."

"ಹೌದಾ?" ಹೆಂಡತಿ ಕಣ್ಣರಳಿಸಿದರು. "ಪಾಪ, ಅದನ್ನ ಕಂಡುಹಿಡಿಯೋಕೆ ಎಷ್ಟು ವರ್ಷ ಓದಿದ್ರೋ!" ಎಂದವರೇ ಒಳಗೆ ಹೋಗಿ, ಎಂದೋ ಹೊಲಿಸಿಟ್ಟಿದ್ದ ಮೂರು ಅಂಗಿಗಳನ್ನು ತಂದು ಅವರ ಮಡಿಲಿಗೆ ಹಾಕಿದರು. ಮೇಷ್ಟ್ರು ಅಂಗಿಯ ಗುಂಡಿಗಳನ್ನೇ ಬಹಳ ಹೊತ್ತು ಪರೀಕ್ಷಿಸಿದರು. ಕತ್ತೆತ್ತುವ ಹಾಗಿರಲಿಲ್ಲ.

ಈಗ ಅವರ ಮುಖ, ಕೈ ಸುಣ್ಣ ಬಳಿದ ಗೋಡೆಯಂತಿರುತ್ತವೆ. ಕ್ಲಚ್ಚು ಕಲಿಯಲು ಬಂದವರಿಗೆ ಮೊದಲ ಹತ್ತು ನಿಮಿಷ ಜಿಂಕ್ ಆಕ್ಸೈಡಿನ ಪಾಠ, ತಾವೇ ಕಂಡುಹಿಡಿದ ಠೀವಿಯಲ್ಲಿ. ಡಾಕ್ಟರಮ್ಮ ಹಿಂದಿನ ಸೀಟಿನಲ್ಲಿ ತಮ್ಮ ಸರದಿ ಕಾಯುತ್ತಾ ಅದನ್ನು ಕೇಳಿಸಿಕೊಳ್ಳುತ್ತಾರೆ. ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿರುವುದರಿಂದ ತಿದ್ದಲು ಬಾಯಿ ಬರುವುದಿಲ್ಲ.