ವಾರಾನ್ನದ ಟೀಚರ್ ಆಂಟಿ

ಟೀಚರ್ ಆಂಟಿ ಮಕ್ಕಳ ಅಂಗೈ ಮೂಸಿ ನೋಡುತ್ತಿದ್ದರು. ಉದ್ದನೆಯ ಮೂಗು, ಅದರ ಮೇಲೆ ಏಳು ಹರಳಿನ ಮೂಗುಬೊಟ್ಟು, ತಲೆಗೆ ಕೂಸುಗಳ ಕುಲಾವಿಯಂಥ ಬಿಳಿ ಬಟ್ಟೆಯ ಟೋಪಿ, ಗದ್ದದ ಕೆಳಗೆ ಲಾಡಿಯ ಗಂಟು. ಟೆಕ್ಸಾಸಿನ ಫ್ರಿಸ್ಕೋದಿಂದಾಚೆ ಹಳೆಯ ಕಾಲದ ಕಟ್ಟಡಗಳನ್ನು ಎತ್ತಿ ತಂದು ನಿಲ್ಲಿಸಿರುವ ಒಂದು ಉದ್ಯಾನವಿದೆ. ಅಲ್ಲಿನ ಒಂದೇ ಕೋಣೆಯ ಮರದ ಶಾಲೆಯಲ್ಲಿ ಅವರು ವಾಲಂಟಿಯರ್ ಆಗಿದ್ದರು. ಫೀಲ್ಡ್ ಟ್ರಿಪ್‌ಗೆ ಬಂದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಈ ಬಯಲಿಗೆ ಮೊದಲು ಬಂದು ನೆಲೆಸಿದವರ ಕಾಲದ ಟೀಚರಮ್ಮಂದಿರ ಹಾಗೆ ಉಗುರು ನೋಡಿ, ಕೈ ತಿರುಗಿಸಿ, ಮೂಸಿ, ‘ಸೋಪಿನ ವಾಸನೆ ಇಲ್ಲ, ಚಿಪ್ಸ್ ವಾಸನೆ ಇದೆ’ ಎಂದು ಇಂಗ್ಲೀಷಿನಲ್ಲಿ ಗದರಿ ತೊಳೆಯಲು ಕಳಿಸುತ್ತಿದ್ದರು. ಯಾರ ಮಾತನ್ನೂ ಅವರು ನಂಬುತ್ತಿರಲಿಲ್ಲ. ಮೂಗನ್ನು ಮಾತ್ರ ನಂಬುತ್ತಿದ್ದರು.

ನಾನೂ ಅಂಥವಳೇ. ಅದಕ್ಕೇ ಇರಬೇಕು, ನಮ್ಮಿಬ್ಬರಿಗೂ ಮೊದಲ ದಿನದಿಂದಲೇ ಸರಿಬರಲಿಲ್ಲ.

ಆ ಮೊದಲ ದಿನ ನಾನು ಇರ್ವಿಂಗ್‌ನ ಇಂಡಿಯನ್ ಸ್ಟೋರಿನಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಹಿಂದಿನಿಂದ ದನಿ ಬಂತು: “ಹುಬ್ಬಳ್ಳಿ ಕಡಿಯವರೇನ್ರಿ? ಬದನೀಕಾಯಿ ಹಿಡಿಯೂದು ನೋಡಿದ್ರನ ಗೊತ್ತಾತು.” ಟೆಕ್ಸಾಸಿನಲ್ಲಿ ನಾಲ್ಕು ದಿನ ಇದ್ದವರಿಗೂ ಗೊತ್ತು, ಅಂಗಡಿಯಲ್ಲಿ ಗುರುತಿಲ್ಲದ ನಮ್ಮವರು ನಕ್ಕು ಮಾತಾಡಿಸಿದರೆ ಅದರ ಹಿಂದೆ ಒಂದು ‘ಬಿಸಿನೆಸ್ ಆಪರ್ಚುನಿಟಿ’ ಇರುತ್ತದೆ. ಮೊದಲು ಊರು ಕೇಳುತ್ತಾರೆ, ಆಮೇಲೆ ಫೋನ್ ನಂಬರ್. ಮುಂದಿನ ಭೇಟಿಗೆ ಸೋಪು, ವಿಟಮಿನ್ ಮಾತ್ರೆ, ‘ನೀವು ಕೆಳಗೆ ಇಬ್ಬರನ್ನು ಸೇರಿಸಿದರೆ ಸಾಕು’ ಎಂಬ ಪಾಠ. ಲಾಸ್ ಕೊಲಿನಾಸ್‌ನ ನನ್ನ ಆಫೀಸಿನಲ್ಲೇ ಇಂಥ ಇಬ್ಬರಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದೆ.

“ಹೂಂ” ಎಂದು ಟ್ರಾಲಿ ತಿರುಗಿಸಿದೆ. ಅವರು ಬಿಡಲಿಲ್ಲ. ಟ್ರಾಲಿ ಹಿಡಿದು ನಿಂತಿದ್ದ ನನ್ನ ಮಗಳನ್ನು ಕನ್ನಡದಲ್ಲಿ ಮಾತಾಡಿಸಿದರು. ಎರಡನೇ ಕ್ಲಾಸಿನ ಹುಡುಗಿ, ಎಲ್ಲ ಅರ್ಥವಾಗುತ್ತದೆ, ಉತ್ತರವೆಲ್ಲ ಇಂಗ್ಲೀಷಿನಲ್ಲೇ. ಆಂಟಿ ಅವಳನ್ನು ನೋಡಲಿಲ್ಲ. ನನ್ನನ್ನು ನೋಡಿದರು, ಅಪರಾಧಿಯನ್ನು ನೋಡುವ ಹಾಗೆ.

“ಭಾನುವಾರ ನಾನು ಕನ್ನಡ ಕ್ಲಾಸ್ ತಗೋತೀನಿ. ಕರ್ಕೊಂಡು ಬರ್ರಿ. ಫುಕಟ್.”

ಫುಕಟ್ ಎಂದ ಮೇಲಂತೂ ನನ್ನ ಸಂಶಯ ಗಟ್ಟಿಯಾಯಿತು.

ಆದರೂ ಹೋದೆ. ನನಗೊಂದು ಸಂಕಟವಿತ್ತು. ಇಂಗ್ಲೀಷಿನಲ್ಲಿ ನಾನು ಬೇರೆಯೇ ಹೆಂಗಸು. ಪ್ಲೀಸ್, ಥ್ಯಾಂಕ್ಯೂ, ಶ್ಯೂರ್ ಎನ್ನುವ ಸಪ್ಪೆ ಹೆಂಗಸು. ನಾನು ನಗಿಸುವುದು, ಜಗಳಾಡುವುದು, ಅಳುವುದು ಎಲ್ಲ ಕನ್ನಡದಲ್ಲಿ. ನನ್ನ ಮಗಳು ಜೀವಮಾನವಿಡೀ ಆ ಸಪ್ಪೆಯವಳನ್ನೇ ಅಮ್ಮ ಅಂದುಕೊಂಡು ಬೆಳೆದುಬಿಟ್ಟರೆ ಏನು ಗತಿ ಎಂದು ನನಗೆ ನಿಜಕ್ಕೂ ಹೆದರಿಕೆಯಾಗುತ್ತಿತ್ತು.

ನಮ್ಮ ಬಡಾವಣೆಯ ಕ್ಲಬ್‌ಹೌಸಿನಲ್ಲಿ ಕ್ಲಾಸು. ಅಲ್ಲಿಯೂ ಮೊದಲು ಕೈ ತಪಾಸಣೆ, ಆಮೇಲೆ ಅಕ್ಷರ. ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸಬೇಕು, ಟೀಚರ್ ನಡುವೆ ಓಡಾಡಬೇಕು. ಆ ಮರದ ಶಾಲೆಯಲ್ಲಿ ಹಾಗೇ ನಡೆಯುತ್ತಿತ್ತಂತೆ. ಒಮ್ಮೆ ನಮ್ಮನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋದರು. ಇದ್ದಿಲು ಒಲೆ, ಕಲ್ಲಿನ ಸ್ಲೇಟು, ನೀರಿನ ಬಕೆಟ್ಟು, ಅದರಿಂದ ಕುಡಿಯಲು ಎಲ್ಲರಿಗೂ ಸೇರಿ ಒಂದೇ ಸೌಟು. ಗೋಡೆಯ ಮೇಲೆ ಮಕ್ಕಳು ನಗುತ್ತ ಶಾಲೆಗೆ ಬರುವ ಚಿತ್ರ. ಆಂಟಿ ಅದರ ಮುಂದೆ ನಿಂತು ಕನ್ನಡದಲ್ಲಿ ಗೊಣಗಿದರು: “ನಕ್ಕೋತ ಬರ್ತಿದ್ರಂತ! ಹತ್ತಿ ಬಿಡಿಸೂ ದಿನದಾಗ ಹುಡುಗರೆಲ್ಲಾ ಹೊಲದಾಗ, ಸಾಲಿ ಖಾಲಿ ಇರ್ತಿತ್ತು.” ಆಮೇಲೆ ನನ್ನ ಮಗಳನ್ನು ಮುಂದಿನ ಬೆಂಚಿನ ಮೇಲೆ ಕೂಡಿಸಿ ಕೇಳಿದರು: “ಆಗಿನ ಕಾಲದಾಗ ನಿನ್ನಂಥಾ ಕಂದು ಬಣ್ಣದ ಹುಡುಗೀನ್ನ ಇಲ್ಲೆ ಕೂಡಿಸ್ತಿದ್ರೇನು? ಯಾವ ಚಿತ್ರ ನೋಡಿದ್ರೂ ಮೊದ್ಲ ಇದನ್ನ ಕೇಳಬೇಕು. ಇದರಾಗ ಯಾರಿಲ್ಲ?” ಮಗಳು ಚಿತ್ರವನ್ನು ಬಹಳ ಹೊತ್ತು ನೋಡಿದಳು.

ವರ್ಷವಾದರೂ ಮಕ್ಕಳು ಕ್ಲಾಸಿನ ಬಾಗಿಲು ದಾಟಿದ ಕೂಡಲೇ ಇಂಗ್ಲೀಷಿಗೆ ತಿರುಗುತ್ತಿದ್ದರು. ಒಂದು ಭಾನುವಾರ ಆಂಟಿ ಘೋಷಿಸಿದರು: “ಇನ್ನು ಮ್ಯಾಲೆ ಒಂದೊಂದು ವಾರ ಒಬ್ಬೊಬ್ಬ ಹುಡುಗರ ಮನ್ಯಾಗ ಇರ್ತೀನಿ.”

ತಂದೆತಾಯಿಗಳೆಲ್ಲ ಮುಖ ಮುಖ ನೋಡಿಕೊಂಡೆವು.

“ಈ ದೇಶದಾಗ ಮೊದ್ಲಿನ ಸಾಲಿ ಹಂಗ ನಡದಾವ” ಎಂದರು ಆಂಟಿ. “ಟೀಚರಿಗೆ ಮನೀ ಇರ್ತಿದ್ದಿಲ್ಲ. ವಾರಕ್ಕೊಬ್ಬರ ಮನ್ಯಾಗ ಉಂಡು, ಅವರ ಮಕ್ಕಳ ಜೋಡಿನ ಮಲಗಿ, ಪಾಠ ಹೇಳ್ತಿದ್ರು. ನಮ್ಮ ಕಡಿ ವಾರಾನ್ನ ಕಲಿಯೂ ಹುಡುಗರಿಗಿತ್ತು. ನಮ್ಮಪ್ಪನೂ ಹಂಗ ಉಂಡು ಓದಿದಾವ. ಇಲ್ಲೆ ಮಾಸ್ತರಿಗೇ ವಾರಾನ್ನ.”

ಅಂದು ಸಂಜೆ ವಾಟ್ಸಾಪ್ ಹೊತ್ತಿ ಉರಿಯಿತು. ಸೌತ್‌ಲೇಕ್‌ನಲ್ಲಿ ಅಷ್ಟು ದೊಡ್ಡ ಮನೆ ಇಟ್ಟುಕೊಂಡು ಆಂಟಿಗೆ ನಮ್ಮ ಗೆಸ್ಟ್ ರೂಮು ಯಾಕೆ ಬೇಕು? ಮನೆಮನೆಯ ಸುದ್ದಿ ಸಾಗಿಸುವುದಕ್ಕೆ ಎಂದರು ಒಬ್ಬರು. ಮಗನ ಹತ್ತಿರ ಜಗಳ, ಹ್ಯೂಸ್ಟನ್‌ನಲ್ಲಿದ್ದಾನಂತೆ, ಇಲ್ಲಿಗೆ ಬರುವುದೇ ಇಲ್ಲವಂತೆ ಎಂದರು ಇನ್ನೊಬ್ಬರು. ನಾನು ಮಾತ್ರ ನನ್ನ ಸೋಪು-ವಿಟಮಿನ್ನಿನ ವಾದ ಬಿಡಲಿಲ್ಲ. ಮೈಸೂರಿನವರಾದ ನನ್ನ ಗಂಡ, “ಪಾಪ, ವಯಸ್ಸಾದೋರು ಕಣೇ, ಯಾಕೆ ಹಾಗಂತೀಯ?” ಎಂದರು. ಅವರಿಗೆ ಎಲ್ಲರೂ ಪಾಪವೇ.

ನಮ್ಮ ವಾರ ಬಂತು. ಆಂಟಿ ಒಂದು ಪುಟ್ಟ ಸೂಟ್‌ಕೇಸ್ ಹಿಡಿದು ಬಂದರು. ಅವರು ಸ್ನಾನಕ್ಕೆ ಹೋದಾಗ ನಾನು ಅದನ್ನು ಒಂದು ಕೈಯಲ್ಲಿ ಎತ್ತಿ ನೋಡಿದೆ, ಸೋಪಿನಷ್ಟು ಭಾರವಿದೆಯೇ ಎಂದು. ಇರಲಿಲ್ಲ. ನನಗೆ ಸಮಾಧಾನವೂ ಆಗಲಿಲ್ಲ.

ಪಾಠ ಮಾಡುತ್ತಾರೆ ಎಂದುಕೊಂಡಿದ್ದೆವು. ಒಂದಕ್ಷರ ಕಲಿಸಲಿಲ್ಲ! ಊಟದ ಟೇಬಲ್ಲಿನ ಮೂಲೆಯಲ್ಲಿ ಅವರೆಕಾಳು ಬಿಡಿಸುತ್ತ ಕೂತು ನಮ್ಮನ್ನು ಕೇಳಿಸಿಕೊಂಡರು. ನಾನು ಮಗಳನ್ನು ಶಾಲೆಗೆ ಹೊರಡಿಸುವಾಗ, ಗಂಡ ಕೆಲಸದ ಕಾಲ್ ಮುಗಿಸಿ ಬಂದಾಗ, ಪಾತ್ರೆ ತೊಳೆಯುವಾಗ, ಹೋಂವರ್ಕಿನ ಯುದ್ಧ ನಡೆಯುವಾಗ. ಪೊಲೀಸರು ಕೂತ ಹಾಗೆ. ನನಗೆ ನನ್ನದೇ ಅಡಿಗೆಮನೆಯಲ್ಲಿ ಕೈಕಾಲು ಆಡದಂತಾಯಿತು.

ಹೊರಡುವ ಹಿಂದಿನ ಸಂಜೆ ಮಗಳು ಹೊರಗೆ ಸೈಕಲ್ ಹೊಡೆಯುತ್ತಿದ್ದಳು. ಆಂಟಿ ನಮ್ಮಿಬ್ಬರನ್ನೂ ಕರೆದರು. “ಕೂಡ್ರಿ. ನಿಮ್ಮ ಜೋಡಿ ಒಂದು ವಿಷಯ ಮಾತಾಡೋದದ.”

ನಾನು ಗಂಡನಿಗೆ ಕಣ್ಣು ಹೊಡೆದೆ. ಬಂತು ನೋಡಿ ವಿಟಮಿನ್!

“ನಿಮ್ಮ ಮಗಳಿಗೆ ಕನ್ನಡ ಚಲೋ ಬರ್ತದ” ಎಂದರು ಆಂಟಿ. “ಈ ಮನ್ಯಾಗ ಕನ್ನಡ ಯಾವಾಗ ಹೊರಗ ಬರ್ತದ, ಗೊತ್ತದೇನು? ಬೈಯೂವಾಗ. ಇಲ್ಲಾ, ಆಕೀ ಕಿವೀಗೆ ಬೀಳಬಾರದಂತ ನೀವಿಬ್ರೂ ಗುಸುಗುಸು ಮಾಡೂವಾಗ. ಮುದ್ದು ಮಾಡೂದೆಲ್ಲಾ ಇಂಗ್ಲೀಷಿನ್ಯಾಗ. ಸ್ವೀಟಿ, ಬೇಬಿ, ಗುಡ್ ಜಾಬ್. ಬೈಸ್ಕೊಳ್ಳೂ ಭಾಷಾ ಯಾರಿಗೆ ಬೇಕವಾ?”

ನನ್ನ ಪಿತ್ತ ನೆತ್ತಿಗೇರಿತು. “ನಮ್ಮ ಮನೀಗೆ ಬಂದು, ನಮ್ಮ ಅನ್ನಾ ಉಂಡು, ನಮಗ ಮಾರ್ಕ್ಸ್ ಹಾಕ್ತೀರೇನ್ರಿ?”

“ಮತ್ತ? ಅದಕ್ಕ ಬಂದಿದ್ದೆ. ನಿಮಗ ನನ್ನ ಮ್ಯಾಲೆ ಸಂಶಯ, ನನಗ ನಿಮ್ಮ ಮ್ಯಾಲೆ ಸಂಶಯ. ಲೆಕ್ಕ ಸರಿಹೋತು.”

ಗಂಡ ನಕ್ಕುಬಿಟ್ಟರು. ನಾನು ನಗಲಿಲ್ಲ. ಆಗ ಆಂಟಿ ಆಸ್ಟಿನ್ ಕಡೆಯ ಮಾತು ತೆಗೆದರು. ಅಲ್ಲಿನ ಗುಡ್ಡಗಳಲ್ಲಿ ಬಂದು ನೆಲೆಸಿದ ಜರ್ಮನರು ಕಾಡು ಕಡಿದು, ಕಲ್ಲು ಹೊತ್ತು ಶಾಲೆ ಕಟ್ಟಿ, ತಮ್ಮ ಮಕ್ಕಳಿಗೆ ಜರ್ಮನ್‌ನಲ್ಲೇ ಕಲಿಸುತ್ತಿದ್ದರಂತೆ. ಅಂಥದೊಂದು ಶಾಲೆ ನೋಡಲು ಆಂಟಿ ಹೋಗಿದ್ದಾಗ ಬೀಗ ತೆಗೆದ ಮುದುಕನನ್ನು, ನಿಮಗೆ ಜರ್ಮನ್ ಬರುತ್ತದೆಯೇ ಎಂದು ಕೇಳಿದರಂತೆ. ಅವನ ಅಜ್ಜಿ ಅದೇ ಶಾಲೆಯಲ್ಲಿ ಓದಿದವಳು. “ಅಜ್ಜಿ ಬೈತಿದ್ದ ಎರಡು ಮಾತು ಬರ್ತಾವ, ಅಷ್ಟ, ಅಂದ” ಎಂದರು ಆಂಟಿ. “ಕಡೀಕ ಉಳಿಯೂದು ಅದ. ನನ್ನ ಮಗನೂ...” ಎಂದವರು ಅವರೆಕಾಳಿನ ಸಿಪ್ಪೆ ಗುಡಿಸಿಕೊಂಡು ಎದ್ದುಹೋದರು. ಹ್ಯೂಸ್ಟನ್ನಿನ ಮಗನ ಜೊತೆ ಜಗಳವಲ್ಲ, ಮಾತೇ ಇಲ್ಲ, ಮನಸ್ಸು ಬಿಚ್ಚಿ ಮಾತಾಡುವುದಕ್ಕೊಂದು ಭಾಷೆಯೇ ಇಲ್ಲ ಎಂದು ನನಗೆ ಆಗ ಹೊಳೆಯಿತು.

ಮರುದಿನದಿಂದ ನಾನು ಚಿನ್ನಾ, ಬಂಗಾರಾ, ನನ್ನ ಪುಟ್ಟೀ ಎಂದು ಶುರುಮಾಡಿದೆ. ಬಾಯಿಗೆ ಒಗ್ಗದೆ ನಾಟಕ ಕಂಪನಿಯ ಡೈಲಾಗಿನಂತೆ ಕೇಳುತ್ತಿತ್ತು. ಮಗಳು ಕಣ್ಣು ಕಿರಿದುಮಾಡಿ, “ಅಮ್ಮಾ, ವಾಟ್ ಡು ಯು ವಾಂಟ್?” ಎಂದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲವೇ, ಸಂಶಯ ಇರದೇ ಇರುತ್ತದೆಯೇ! ತಿಂಗಳುಗಟ್ಟಲೆ ಹೀಗೇ ನಡೆಯಿತು. ಒಂದು ದಿನ ಕಾರ್ಪೆಟ್ಟಿನ ಮೇಲೆ ಹಾಲು ಚೆಲ್ಲಿದವಳು ನಾನು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದು, “ಬೈಬ್ಯಾಡ, ನಾ ಒರಸ್ತೀನಿ” ಎಂದಳು. ಅವಳಾಗಿಯೇ ನನಗೆ ಹೇಳಿದ ಮೊದಲ ಕನ್ನಡದ ಮಾತು ಅದು. ನಾನು ಅಲ್ಲೇ ಕೂತು ಅತ್ತೆ. ಅವಳು ಹಾಲಿಗೆ ಅಳುತ್ತಿದ್ದೇನೆ ಅಂದುಕೊಂಡಳು.

ಕೆಲವು ವರ್ಷಗಳ ನಂತರ ಆಂಟಿ ಹ್ಯೂಸ್ಟನ್ನಿನ ಮಗನ ಮನೆಗೆ ಹೋಗಿದ್ದಾಗ ಸ್ಟ್ರೋಕ್ ಆಯಿತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಅವರ ಇಂಗ್ಲೀಷ್ ಹೊರಟುಹೋಗಿತ್ತು. ಅಷ್ಟು ಜನ ಮಕ್ಕಳನ್ನು ಇಂಗ್ಲೀಷಿನಲ್ಲಿ ಗದರಿದವರಿಗೆ ನರ್ಸು ‘ವಾಟರ್’ ಎಂದರೆ ತಿಳಿಯುತ್ತಿರಲಿಲ್ಲ. ಕನ್ನಡವೊಂದೇ ಉಳಿದಿತ್ತು. ಮಗ ನಮ್ಮ ಗುಂಪಿಗೆ ಫೋನ್ ಮಾಡಿ, ಯಾರಾದರೂ ಬರಬಹುದೇ ಎಂದು ಕೇಳಿದ. ಕ್ಲಾಸಿನ ಮನೆಯವರೆಲ್ಲ ಪಾಳಿ ಹಾಕಿಕೊಂಡು ಡ್ರೈವ್ ಮಾಡಿದೆವು. ನಮ್ಮ ಪಾಳಿ ಶನಿವಾರ.

ಆ ಶನಿವಾರ ಆಂಟಿ ಬೆಳಗಿನಿಂದ ತುತ್ತು ಮುಟ್ಟಿರಲಿಲ್ಲ. ನಾನು ಎಷ್ಟು ಪುಸಲಾಯಿಸಿದರೂ ಅನುಮಾನದಿಂದ ಚಮಚವನ್ನೇ ನೋಡುತ್ತಿದ್ದರು. ಮಿಡ್ಲ್ ಸ್ಕೂಲಿಗೆ ಬಂದಿದ್ದ ನನ್ನ ಮಗಳು ಚಮಚ ಕಸಿದುಕೊಂಡು, “ಬಾಯಿ ತಗೀರಿ ಆಂಟಿ. ನಾಟಕ ಸಾಕು. ಎಷ್ಟೊತ್ತು ಹಿಡಕೊಂಡು ಕೂಡ್ಲಿ?” ಎಂದಳು. ಅಕ್ಷರಶಃ ನನ್ನ ದನಿ! ನಾನು ನಾಚಿ ನೆಲ ನೋಡಿದೆ. ಆಂಟಿಯ ಸೊಟ್ಟ ಬಾಯಿ ಅರಳಿತು. “ಅವ್ವನ ಬೈಗಳಾನೂ ಕಲ್ತೀಯೇನ? ಪಾಸ್” ಎಂದು ಬಾಯಿ ತೆರೆದರು.

ಅವರ ಮಗ ಬಾಗಿಲಲ್ಲಿ ನಿಂತಿದ್ದ. ಐವತ್ತರ ಆಸುಪಾಸಿನ ದೊಡ್ಡ ಆಳು. ಆಂಟಿ ಅವನನ್ನು ನೋಡಿ, “ಊಟ ಆತೇನೋ?” ಎಂದರು. ಅವನಿಗೆ ಅರ್ಥವಾಯಿತು. ಆಮೇಲೆ ನನ್ನ ಮಗಳ ಕಿವಿಯ ಹತ್ತಿರ ಬಗ್ಗಿ, “ಹೌ ಡು ಐ ಟೆಲ್ ಹರ್ ಐ ಏಟ್?” ಎಂದು ಕೇಳಿದ.

“ಆತು ಅಮ್ಮಾ, ಅನ್ರಿ” ಎಂದಳು ನನ್ನ ಮಗಳು.

“ಆತು ಅಮ್ಮಾ” ಎಂದ ಅವನು.

ಆಂಟಿ ಅವನನ್ನು ಮೇಲಿಂದ ಕೆಳಗೆ ನೋಡಿದರು. “ಕೈ ತೋರ್ಸು.” ಯಾರೂ ಅನುವಾದ ಮಾಡಬೇಕಾಗಲಿಲ್ಲ. ಅವನು ಹುಡುಗನ ಹಾಗೆ ಅಂಗೈ ಮುಂದೆ ಚಾಚಿದ. ಆಂಟಿ ಮೂಸಿದರು. “ಸುಳ್ಳ!” ಎಂದು ನನ್ನ ಮಗಳ ಕಡೆ ತಿರುಗಿದರು. “ಇವ್ನಿಗೆ ಉಣ್ಣಲಿಕ್ಕೆ ಹಾಕವಾ.”

ಡಬ್ಬಿಯಲ್ಲಿ ನಮಗೆಂದು ತಂದ ಹುಳಿಯನ್ನವಿತ್ತು. ಅವನು ಚಮಚ ಬೇಡವೆಂದ. ತಾಯಿಯ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೈಯಲ್ಲೇ ಉಂಡ. ಕಣ್ಣೀರು ಡಬ್ಬಿಗೆ ಬೀಳುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಆಂಟಿ ಅವನ ಒಂದೊಂದು ತುತ್ತನ್ನೂ ಕಾವಲು ಕಾದರು.

ನಮ್ಮ ಮುಂದಿನ ಪಾಳಿ ಬರುವ ಮೊದಲೇ ಆಂಟಿ ತೀರಿಹೋದರು. ನನಗೆ ಕನ್ನಡದಲ್ಲಿ ಜಗಳವಾಡುವ ಮಗಳನ್ನು ಕೊಟ್ಟವರು ಅವರು. ಈಗಲೂ ಅಂಗಡಿಯಲ್ಲಿ ಯಾರಾದರೂ ನಕ್ಕು ಊರು ಕೇಳಿದರೆ ನಾನು ಟ್ರಾಲಿ ತಿರುಗಿಸುತ್ತೇನೆ, ಅದೇನೂ ಹೋಗಿಲ್ಲ. ಆದರೆ ಎರಡು ಹೆಜ್ಜೆ ಹೋಗಿ ನಿಲ್ಲುತ್ತೇನೆ.

ಆ ಶನಿವಾರ ಉಂಡು ಮುಗಿಸಿದ ಮಗ, ಯಾರೂ ಹೇಳಿಕೊಡದೆ, ತಾನಾಗಿಯೇ ಕೈ ಮುಂದೆ ಚಾಚಿದ್ದ. ಆಂಟಿ ಬಹಳ ಹೊತ್ತು ಮೂಸಿದರು. ಆಮೇಲೆ ಆ ಕೈಯನ್ನು ಬಿಡದೆ ಕಣ್ಣು ಮುಚ್ಚಿ, “ಈಗ ಖರೇ” ಎಂದರು.